ಹಿತ್ತಿಲವಳ ಒಲೆ

ನಮ್ಮೂರಿನಲ್ಲಿ ಮನೆ ಬೆಳೆಯುವುದಿಲ್ಲ, ಮನೆಯ ಹಿಂದೆ ಕಟ್ಟಿದ್ದು ಬೆಳೆಯುತ್ತದೆ. ಸೌದೆ ಕೊಟ್ಟಿಗೆ, ಬಚ್ಚಲು, ಕೋಳಿಗೂಡು, ಸೈಕಲ್ ನಿಲ್ಲಿಸುವ ತಗಡಿನ ಶೆಡ್ಡು, ಯಾವುದಾದರೂ ಸರಿ, ಹಿತ್ತಿಲಲ್ಲಿ ನಾಲ್ಕು ಗೋಡೆ ಎದ್ದು ಮೇಲೊಂದು ಮಾಡು ಬಿತ್ತೆಂದರೆ ವರ್ಷಕ್ಕೆ ಒಂದು ಗೇಣು, ಕೆಲವು ವರ್ಷ ಒಂದೂವರೆ ಗೇಣು ಏರುತ್ತದೆ. ಅಗಲವಾಗುವುದಿಲ್ಲ, ಎತ್ತರಕ್ಕೆ ಮಾತ್ರ. ಯಾಕೆ ಎಂದು ಪರವೂರಿನವರು ಕೇಳುತ್ತಾರೆ. ಅದನ್ನೆಲ್ಲ ಯೋಚಿಸುತ್ತ ಕೂರಲು ನಮಗೆ ಪುರುಸೊತ್ತಿಲ್ಲ. ಪಕ್ಕದ ಮನೆ ಕರಿಬಸಪ್ಪನವರ ಕಕ್ಕಸು ಈಗ ಹದಿನೆಂಟು ಅಡಿ ಇದೆ. ಅವರದು ಮಹಡಿ ಮನೆಯಾದ್ದರಿಂದ ಸದ್ಯಕ್ಕೆ ಗಂಡಾಂತರವಿಲ್ಲ. ಅಷ್ಟು ಎತ್ತರದ ಕೋಣೆಯಲ್ಲಿ ತಮ್ಮ ಕಂಠ ಬಹಳ ಚೆನ್ನಾಗಿ ಕೇಳುತ್ತದೆಂದು ಕಂಡುಕೊಂಡ ಮೇಲೆ ಅವರು ಬೆಳಗಿನ ಭಜನೆಯನ್ನು ಅಲ್ಲೇ ಮುಗಿಸಿಕೊಂಡು ಬರುತ್ತಾರೆ. ದೇವರು ಎಲ್ಲ ಕಡೆಯೂ ಇದ್ದಾನಲ್ಲ.

ಬೆಳೆಯುವುದೇನೋ ಬೆಳೆಯಲಿ, ಅದಕ್ಕೊಂದು ಕಾನೂನು ಬೇಡವೆ? ಪುರಸಭೆಯವರು ಮಾಡಿದ್ದಾರೆ. ಹೆಸರು 'ಹಿತ್ತಿಲ ಕಟ್ಟಡಗಳ ನಿಯಮಾವಳಿ'. ಶಿವರಾತ್ರಿ ಕಳೆದ ಮೊದಲ ಸೋಮವಾರದಿಂದ ಹಿತ್ತಿಲು ಇನ್‌ಸ್ಪೆಕ್ಟರು ಗೆರೆ ಕೊರೆದ ಬಿದಿರು ಗಳ ಹಿಡಿದು ಮನೆಮನೆಗೂ ಬರುತ್ತಾರೆ. ಮುಂದಿನದನ್ನು ಅಳೆಯುತ್ತಾರೆ, ಹಿಂದಿನದನ್ನು ಅಳೆಯುತ್ತಾರೆ. ಹಿಂದಿನದು ಒಂದೇ ಒಂದು ಬೆರಳು ಎತ್ತರವಾದರೂ ಮುಗಿಯಿತು, ಅಂದಿನಿಂದ ಅದೇ ಮನೆ, ಮುಂದಿನದು ಅದರ ಹಿತ್ತಿಲ ಕಟ್ಟಡ. ಮನೆ ನಂಬರಿನ ತಗಡನ್ನು ಅಲ್ಲಿಂದ ಕಿತ್ತು ಇಲ್ಲಿಗೆ ಹೊಡೆಯುತ್ತಾರೆ. ಯಾರು ಅದರಲ್ಲಿ ವಾಸವಾಗಿದ್ದಾರೋ ಅವರೇ ಯಜಮಾನರು. ಕುಂಬಾರ ಬೀದಿಯ ಓಬಳಮ್ಮ ಒಂದು ವರ್ಷ ಮೈಮರೆತಳು, ಕೋಳಿಗೂಡು ಮನೆಯನ್ನು ದಾಟಿಹೋಯಿತು. ಈಗ ಕಂದಾಯದ ನೋಟೀಸು 'ಶ್ರೀ ಕೋಳಿಗಳು, ಮನೆ ನಂಬರು ನಲವತ್ತೊಂದು' ಎಂದೇ ಬರುತ್ತದೆ. ಯಜಮಾನರು ಹಿತ್ತಿಲವರಿಗೆ ಹೊತ್ತು ಹೊತ್ತಿಗೆ ಊಟ ಕೊಡಬೇಕೆಂದು ನಿಯಮವಿದೆ. ಕೋಳಿಗಳು ದಿನಾ ಮೊಟ್ಟೆ ಕೊಡುತ್ತಿರುವುದರಿಂದ ಪುರಸಭೆಗೆ ಯಾವ ಆಕ್ಷೇಪಣೆಯೂ ಇಲ್ಲ.

ಇದರಲ್ಲಿ ನನ್ನ ಹೊಟ್ಟೆ ಉರಿಸುತ್ತಿದ್ದ ನಿಯಮ ಒಲೆಯದು. ಒಂದು ನಿವೇಶನಕ್ಕೆ ಒಂದೇ ಒಲೆ, ಅದು ಮನೆಯಲ್ಲೇ ಇರಬೇಕು. ಹಿತ್ತಿಲವರು ಒಲೆ ಹೂಡಬಾರದು, ಇಜ್ಜಲು ಇಡಬಾರದು, ಸೀಮೆಎಣ್ಣೆ ಸ್ಟವ್ವನ್ನು ಮಂಚದಡಿಯಲ್ಲಿ ಬಚ್ಚಿಡಬಾರದು. ಇನ್‌ಸ್ಪೆಕ್ಟರ್ ಹುಚ್ಚೀರಪ್ಪನವರಿಗೆ ಇರುವುದು ಸಾಧಾರಣ ಮೂಗಲ್ಲ. ಸೈಕಲ್ಲಿನಲ್ಲಿ ಹೋಗುತ್ತಿದ್ದಂತೆಯೇ "ಇದು ಮನೆ ಒಗ್ಗರಣೆ, ಇದು ಕಳ್ಳ ಒಗ್ಗರಣೆ" ಎಂದು ಹೇಳಬಲ್ಲರು. ಒಮ್ಮೆ ಅಕ್ಕಸಾಲಿಗರ ಹಿತ್ತಿಲಲ್ಲಿ ಬೇಯುತ್ತಿದ್ದ ಒಂದೇ ಒಂದು ಮೊಟ್ಟೆಯನ್ನು ಎರಡು ಬೀದಿಯಾಚೆಯಿಂದ ಹಿಡಿದಿದ್ದರು. ಮೊಟ್ಟೆಯನ್ನು ಜಪ್ತಿ ಮಾಡಿದರೆಂದು ದಾಖಲೆಯಲ್ಲಿದೆ. ಆಮೇಲೆ ಅದು ಏನಾಯಿತೆಂದು ದಾಖಲೆಯಲ್ಲಿಲ್ಲ.

ನನ್ನ ಹೆಸರು ದಾಕ್ಷಾಯಿಣಿ. ನನಗೂ ಒಬ್ಬ ಗಂಡನಿದ್ದ. ಅವನ ಊರಿನಲ್ಲಿ ಕಟ್ಟಡಗಳು ಬೆಳೆಯುತ್ತಿರಲಿಲ್ಲ, ಅವನೂ ಬೆಳೆಯಲಿಲ್ಲ. ಮೂರು ವರ್ಷ ನೋಡಿ, ನನ್ನ ಟ್ರಂಕು ನಾನೇ ಹೊತ್ತುಕೊಂಡು ಅಣ್ಣನ ಮನೆಗೆ ಬಂದೆ. ಅಣ್ಣ ತಿಪ್ಪೇಸ್ವಾಮಿ ಪೇಟೆಯಲ್ಲಿ ಪಟಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟಿದ್ದಾನೆ. ದಿನವಿಡೀ ದೇವರುಗಳನ್ನು ಗಾಜಿನೊಳಗೆ ಕೂರಿಸಿ ಮೊಳೆ ಹೊಡೆದೂ ಹೊಡೆದೂ, ಎಲ್ಲರೂ ಅವರವರ ಚೌಕಟ್ಟಿನಲ್ಲಿ ಇರಬೇಕೆಂಬುದು ಅವನ ನಂಬಿಕೆಯಾಗಿದೆ. ಅವನು ನನಗೆ ಹಿತ್ತಿಲ ಸೌದೆ ಕೊಟ್ಟಿಗೆಯನ್ನು ತೋರಿಸಿದ. ಆಗ ಅದು ನಾಲ್ಕು ಮೊಳ ಎತ್ತರವಿತ್ತು. ನಾನು ಎತ್ತರದ ಹೆಂಗಸು, ಮೊದಲ ವರ್ಷವಿಡೀ ತಲೆ ಬಗ್ಗಿಸಿಯೇ ಓಡಾಡಿದೆ. ನೋಡಿದವರು ಗಂಡನ ಮನೆ ಬಿಟ್ಟು ಬಂದ ನಾಚಿಕೆಗೆ ಹಾಗೆ ಮಾಡುತ್ತಾಳೆಂದು ತಿಳಿದು ಮರುಗಿದರು. ಅದು ಸೂರಿನ ತೊಲೆಯ ಕೆಲಸ ಎಂದು ಎಷ್ಟು ಜನಕ್ಕೆ ಹೇಳುವುದು!

ಬದುಕಿಗೆಂದು ಪುಸ್ತಕ ಕಟ್ಟುವ ಕೆಲಸ ಹಿಡಿದೆ. ಶಾಲೆಯ ಹಾಜರಿ ಪುಸ್ತಕ, ಮಠದ ಪುರಾಣ, ಹಾಳೆ ಕಳಚಿದ ಹಳೆಯ ನಿಘಂಟು, ಎಲ್ಲ ನನ್ನ ಹತ್ತಿರ ಬರುತ್ತವೆ. ದಾರ, ದಬ್ಬಣ, ರಟ್ಟು ಇದ್ದರೆ ನಡೆಯುವ ಕೆಲಸ, ಬೆಂಕಿ ಬೇಕಿಲ್ಲ ಅಂದುಕೊಂಡಿದ್ದೆ. ಆದರೆ ಅಂಟಿಗೆ ಬೇಕಲ್ಲ! ಮೈದಾ ಹಿಟ್ಟಿಗೆ ಹುಳ ಹಿಡಿಯದಂತೆ ಚಿಟಿಕೆ ಮೈಲುತುತ್ತ ಹಾಕಿ ಕುದಿಸಿದರೇ ಅಂಟು. ಹಾಗಾಗಿ ದಿನಾ ಬೆಳಿಗ್ಗೆ ಅಂಟಿನ ಪಾತ್ರೆ ಹಿಡಿದು ಅತ್ತಿಗೆಯ ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಅತ್ತಿಗೆ ಸರ್ವಮಂಗಳ ಕೆಟ್ಟವರಲ್ಲ, ದಣಿದವರು. ಅಣ್ಣನಿಗೆ ರೊಟ್ಟಿ ಹೆಂಚಿನಿಂದ ನೇರ ತಟ್ಟೆಗೆ ಬೀಳಬೇಕು, ನಡುವೆ ಗಾಳಿ ತಾಗಿದರೂ ಅದು ರೊಟ್ಟಿಯಲ್ಲ. ಇಬ್ಬರು ಹೆಣ್ಣುಮಕ್ಕಳಲ್ಲಿ ದೊಡ್ಡವಳಿಗೆ ಬೇಳೆ ಆಗದು, ಚಿಕ್ಕವಳಿಗೆ ಬೇಳೆಯೊಂದೇ ಆದೀತು. ಇವರೆಲ್ಲರ ಸರದಿ ಮುಗಿದ ಮೇಲೆ ನನ್ನ ಅಂಟು. ಅಂಟಿನ ಹಿಂದೆ ನನ್ನ ಕಾಫಿ.

ಆ ಕಾಫಿಯ ಸಂಗತಿ ಹೇಳಬೇಕು. ನನಗೆ ಐದು ಗಂಟೆಗೆ ಎಚ್ಚರವಾಗುತ್ತದೆ. ಐದು ಗಂಟೆಗೇ ಕಾಫಿ ಬೇಕು. ಅತ್ತಿಗೆಯ ಒಲೆ ಏಳಕ್ಕೆ ಹತ್ತುತ್ತದೆ, ನನ್ನ ಲೋಟ ಒಂಬತ್ತಕ್ಕೆ ಬರುತ್ತದೆ, ಬರುವಾಗ ಅದರ ಮೇಲೆ ಕೆನೆ ಕಟ್ಟಿರುತ್ತದೆ. ಹನ್ನೊಂದು ವರ್ಷ ದಿನಕ್ಕೆ ನಾಲ್ಕು ಗಂಟೆಯ ಹೊತ್ತು ನಾನು ಒಂದು ಲೋಟ ಕಾಫಿಗಾಗಿ ಕಾದಿದ್ದೇನೆ. ಜನ ಮೋಕ್ಷಕ್ಕೂ ಇಷ್ಟು ಕಾಯುವುದಿಲ್ಲ. ನನಗೆ ಬೇಕಾಗಿದ್ದು ಅಷ್ಟೇ: ನನ್ನದೊಂದು ಒಲೆ, ನನಗೆ ಎಚ್ಚರವಾದ ಗಳಿಗೆಯಲ್ಲಿ ಅದನ್ನು ಹಚ್ಚುವ ಹಕ್ಕು.

ಕೊಟ್ಟಿಗೆ ತನ್ನ ಪಾಡಿಗೆ ತಾನು ಏರುತ್ತಿತ್ತು. ಎರಡು ಸಲ ಅಣ್ಣ ಅದರ ತಲೆ ಕತ್ತರಿಸಿದ. ಕತ್ತರಿಸಲು ವಾಸವಿರುವವರ ಸಹಿ ಬೇಕು. ಅಣ್ಣನಲ್ಲವೆ ಎಂದು ಎರಡು ಸಲವೂ ಹಾಕಿದ್ದೆ. ಈ ವರ್ಷ ಸಂಕ್ರಾಂತಿ ಮುಗಿದ ಮೇಲೆ ಮೂರನೆಯ ಸಲ ಕಾಗದ ಹಿಡಿದು ಬಂದ. ಬಾಗಿಲಲ್ಲಿ ನಿಂತು ಮೇಲೆ ನೋಡಿದ. ಅಷ್ಟು ಹೊತ್ತಿಗೆ ನನ್ನ ಕೋಣೆಯ ಮೇಲಿನ ಹಲಗೆಗಳಿಗೆ ಏಣಿ ಹಾಕಿಯೇ ಹತ್ತಬೇಕಾಗಿತ್ತು.

"ಸ್ವಲ್ಪ ತಲೆ ಇಳಿಸೋಣ ಕಣೇ ದಾಕ್ಷಿ. ಕೂದಲು ಕತ್ತರಿಸಿದ ಹಾಗೆ. ನೋವೇನೂ ಆಗಲ್ಲ" ಅಂದ.

"ಕೂದಲು ನಂದಲ್ವಾ ಅಣ್ಣ?"

"ನಂದು, ನಿಂದು ಅಂತ ಮಾತಾಡಬಾರದು, ಒಡಹುಟ್ಟಿದವರು."

"ಹಾಗಾದ್ರೆ ನಿಮ್ಮನೆ ಒಲೇನೂ ನಂದೇ. ಬೆಳಿಗ್ಗೆ ಐದಕ್ಕೆ ಬಂದು ಹಚ್ಕೋತೀನಿ, ಆಯ್ತಾ?"

"ಐದಕ್ಕಾ? ಆ ಹೊಗೇಲಿ ನಾವು ನಿದ್ದೆ ಮಾಡೋದು ಬೇಡ್ವಾ?"

ನಾನು ಸಹಿ ಹಾಕಲಿಲ್ಲ. ಬಾಯಲ್ಲಿ ಇಷ್ಟು ಅಂದೆನಾದರೂ ಒಳಗೆ ಪುಕಪುಕ ಅನ್ನುತ್ತಿತ್ತು. ಯಾಕೆಂದರೆ ನಿಯಮಾವಳಿಯಲ್ಲಿ ಇನ್ನೊಂದು ಮಾತಿದೆ: ಮನೆಗೆ ಸರಿಗಟ್ಟಲು ಬಂದು ಒಂದು ಗೇಣಿನೊಳಗೆ ಸೋತ ಕಟ್ಟಡವನ್ನು, ಸಾರ್ವಜನಿಕ ಶಾಂತಿಯ ದೃಷ್ಟಿಯಿಂದ, ಅರ್ಧಕ್ಕೆ ಇಳಿಸತಕ್ಕದ್ದು. ಅದಕ್ಕೆ ಯಾರ ಸಹಿಯೂ ಬೇಕಿಲ್ಲ. ಗೆದ್ದರೆ ನನಗೆ ಒಲೆ. ಸೋತರೆ ಮತ್ತೆ ನಾಲ್ಕು ಮೊಳದ ಗೂಡು, ಮತ್ತೆ ಬಗ್ಗಿದ ತಲೆ. ನಲವತ್ಮೂರು ವರ್ಷಕ್ಕೆ ಮತ್ತೆ ಮೊದಲಿನಿಂದ ಬಗ್ಗುವುದನ್ನು ಕಲಿಯುವ ಶಕ್ತಿ ನನಗಿರಲಿಲ್ಲ.

ಒಂದು ತಿಂಗಳು ಅಣ್ಣ ಮಾತು ಬಿಟ್ಟ. ಆಮೇಲೆ ಒಂದು ಬೆಳಿಗ್ಗೆ ಇಬ್ಬರು ಗಾರೆಯವರ ಜೊತೆ, ತಳ್ಳುಗಾಡಿಯಲ್ಲಿ ಕಪ್ಪನೆಯ ಕಲ್ಲೊಂದನ್ನು ತಂದು ನನ್ನ ಬಾಗಿಲ ಮುಂದೆ ಇಳಿಸಿದ. ಆರು ಬೆರಳು ದಪ್ಪ, ನಯವಾಗಿ ಕಡೆದ ಹೊಸ್ತಿಲು ಕಲ್ಲು. ಹಿತ್ತಿಲ ಕಟ್ಟಡಗಳಿಗೆ ಹೊಸ್ತಿಲು ಇಡುವ ರೂಢಿಯೇ ನಮ್ಮಲ್ಲಿಲ್ಲ. ನೆಲದಿಂದ ನೇರ ಒಳಗೆ ಕಾಲಿಟ್ಟರಾಯಿತು.

"ಮಳೆಗಾಲದಲ್ಲಿ ನಿನ್ನ ಹಾಳೆಗಳೆಲ್ಲ ತೋಯ್ತಾವಲ್ಲ. ಹೊಸ್ತಿಲಿದ್ರೆ ನೀರು ನುಗ್ಗಲ್ಲ" ಅಂದ ಅಣ್ಣ. "ನಾನು ಯೋಚನೆ ಮಾಡಲ್ಲ ಅನ್ಕೊಂಡಿದೀಯ?"

ಹನ್ನೊಂದು ವರ್ಷದಲ್ಲಿ ಅವನು ನನಗೆ ಕೊಟ್ಟ ಮೊದಲ ವಸ್ತು ಅದು. ಸಹಿ ಹಾಕದ್ದಕ್ಕೆ ನನ್ನನ್ನು ನಾನೇ ಬೈದುಕೊಂಡೆ. ಗಾರೆಯವರು ಕಲ್ಲು ಕೂರಿಸಿ ಎದ್ದರು. ಅಷ್ಟರಲ್ಲಿ ಅತ್ತಿಗೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹಿತ್ತಿಲಿಗೆ ಬಂದರು.

"ಇದೇನ್ರೀ, ಪೂಜೆ ಮಾಡದೇ ಹೊಸ್ತಿಲು ಕೂರಿಸಿಬಿಟ್ರಿ? ಮನೆ ಹೆಣ್ಣುಮಗಳಿಗೆ ಇಟ್ಟಿದ್ದು. ನಾಳೆ ಏನಾದ್ರೂ ಆದ್ರೆ ಯಾರಿಗೆ ಬಂತು?"

"ಹಿತ್ತಿಲ ಕೊಟ್ಟಿಗೆಗೆ ಎಂಥಾ ಪೂಜೆ?" ಅಂದ ಅಣ್ಣ.

"ನಿಮ್ಮಿಷ್ಟಪ್ಪ. ನಾನು ಹೇಳೋದು ಹೇಳಿದೀನಿ."

ದೇವರ ವ್ಯಾಪಾರ ಮಾಡುವವನಿಗೆ ಅಷ್ಟು ಸಾಕು. ಅತ್ತಿಗೆ ಅರಿಶಿನ ಕುಂಕುಮ ತಂದರು, ಮಾವಿನ ಸೊಪ್ಪು ತಂದರು. ಅಣ್ಣನೇ ಮಂಡಿಯೂರಿ ಕಲ್ಲಿಗೆ ಅರಿಶಿನ ಬಳಿದು ತೆಂಗಿನಕಾಯಿ ಒಡೆದ. ಗೋಡೆಯಾಚೆಯಿಂದ ಕತ್ತು ಚಾಚಿ ನೋಡುತ್ತಿದ್ದ ಕರಿಬಸಪ್ಪನವರಿಗೂ ಅತ್ತಿಗೆ ಕೂಗಿ ಕರೆದು ಒಂದು ಹೋಳು ಕಾಯಿ ಕೊಟ್ಟರು. ನಾನು ಅಣ್ಣನ ಕಾಲಿಗೆ ನಮಸ್ಕಾರ ಮಾಡಿದೆ. ಹೌದು, ಮಾಡಿದೆ. ಈಗ ನೆನೆಸಿಕೊಂಡರೆ ಬೆನ್ನು ನೋಯುತ್ತದೆ.

ಅದಾದ ವಾರಕ್ಕೆ ಪುರಸಭೆಯ ಜವಾನ ಬಂದು ನಿಯಮಾವಳಿಯ ಪುಸ್ತಕವನ್ನೇ ನನ್ನ ಮುಂದಿಟ್ಟ. ಅಳತೆಯ ದಿನ ಹತ್ತಿರ ಬಂತು, ಪುಸ್ತಕದ ಬೆನ್ನು ಕಿತ್ತುಹೋಗಿದೆ, ಬೇಗ ಕಟ್ಟಿಕೊಡಬೇಕಂತೆ. ಹಳೆಯ ದಾರ ಬಿಚ್ಚಿ ಹಾಳೆ ಜೋಡಿಸುವಾಗ ನಾನು ಸಾಮಾನ್ಯವಾಗಿ ಏನನ್ನೂ ಓದುವುದಿಲ್ಲ. ಓದುತ್ತ ಕೂತರೆ ದುಡಿಮೆ ಸಾಗುವುದಿಲ್ಲ. ಆದರೆ ಇದನ್ನು ಓದದಿರಲಾದೀತೆ? ಎಂಟನೆಯ ನಿಯಮದ ಹತ್ತಿರ ನನ್ನ ಕೈ ನಿಂತಿತು. 'ಹಿತ್ತಿಲ ಕಟ್ಟಡದ ಬಾಗಿಲಿನಲ್ಲಿ ಕಲ್ಲಿದ್ದಲ್ಲಿ, ಗಳವನ್ನು ಕಲ್ಲಿನ ಮೇಲೆ ಊರಿ ಅಳೆಯತಕ್ಕದ್ದು.'

ಆರು ಬೆರಳು ದಪ್ಪದ ಕಲ್ಲು. ನನ್ನ ಕೋಣೆ ಆರು ಬೆರಳು ಕುಳ್ಳಗಾಗಿತ್ತು. ಕತ್ತರಿಸಲು ನಾನು ಸಹಿ ಕೊಡಲಿಲ್ಲವೆಂದು ಅಣ್ಣ ಕೆಳಗಿನಿಂದ ಕತ್ತರಿಸಿದ್ದ, ಮೇಲಿಂದ ನನ್ನ ನಮಸ್ಕಾರವನ್ನೂ ತೆಗೆದುಕೊಂಡಿದ್ದ.

ಕಣ್ಣೀರೇನೂ ಬರಲಿಲ್ಲ. ಅಂಟಿನ ಪಾತ್ರೆ ಹಿಡಿದು ನೇರ ಅಡುಗೆಮನೆಗೆ ಹೋದೆ. ಅತ್ತಿಗೆ ರೊಟ್ಟಿ ತಟ್ಟುತ್ತಿದ್ದರು. ಎಂಟನೆಯ ನಿಯಮ ಹೇಳಿದೆ. "ನಿಮಗೆ ಇದು ಮೊದಲೇ ಗೊತ್ತಿತ್ತಾ ಅತ್ತಿಗೆ?" ಎಂದು ಕೇಳಿದೆ.

ಅವರು ರೊಟ್ಟಿ ತಿರುವಿ ಹಾಕಿದರು. "ಗೊತ್ತಿತ್ತು."

"ಮತ್ತೆ ಅರಿಶಿನ ಕುಂಕುಮ ಬೇರೆ ತಂದುಕೊಟ್ರಲ್ಲ!"

"ತಂದುಕೊಟ್ಟೆ. ಈಗ ಅಂಟಿನ ಪಾತ್ರೆ ಅಲ್ಲಿಟ್ಟು ಹೋಗು, ಇನ್ನೂ ಆರು ರೊಟ್ಟಿ ಇದೆ."

ಅವತ್ತು ನಾನು ಅವರಿಬ್ಬರಿಗೂ ಮನಸ್ಸಿನಲ್ಲೇ ಹಾಕಿದ ಶಾಪಗಳನ್ನೆಲ್ಲ ಬರೆದಿದ್ದರೆ ಇನ್ನೊಂದು ನಿಯಮಾವಳಿಯಷ್ಟು ದಪ್ಪದ ಪುಸ್ತಕವಾಗುತ್ತಿತ್ತು. ಕೋಣೆಗೆ ಬಂದು ಮಿಕ್ಕ ಹಾಳೆಗಳನ್ನು ಓದದೆ ಹೊಲಿದು, ಅಂಟು ಬಳಿದು, ರಟ್ಟು ಹಾಕಿ ಕಳಿಸಿಬಿಟ್ಟೆ. ಆ ಪುಸ್ತಕದ ಮುಖ ನೋಡುವುದೂ ನನಗೆ ಬೇಕಿರಲಿಲ್ಲ.

ಸೋಮವಾರ ಹುಚ್ಚೀರಪ್ಪ ಬಂದರು. ಹಿಂದೆ ಜವಾನ ಪುಸ್ತಕ ಹೊತ್ತು ಬಂದ, ಅವನ ಹಿಂದೆ ಅರ್ಧ ಬೀದಿ ಬಂತು. ಅಳತೆಯ ದಿನ ನಮ್ಮೂರಲ್ಲಿ ಯಾರಿಗೂ ಬೇರೆ ಕೆಲಸವಿರುವುದಿಲ್ಲ. ಸೋಲುವ ಮನೆಯ ಮುಂದೆ ನಿಂತು ಅಯ್ಯೋ ಪಾಪ ಅನ್ನಲು ಜನ ಬಿಡುವು ಮಾಡಿಕೊಂಡು ಬರುತ್ತಾರೆ. ಅಣ್ಣ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಇನ್‌ಸ್ಪೆಕ್ಟರಿಗೆ ಕುರ್ಚಿ ಹಾಕಿಸಿ, ಮಜ್ಜಿಗೆ ತರಿಸಿದ.

ಮೊದಲು ಮನೆಯನ್ನು ಅಳೆದರು, ಮೊಳಕ್ಕೆ ಇಪ್ಪತ್ತನಾಲ್ಕು ಬೆರಳಿನ ಲೆಕ್ಕ. ಒಂಬತ್ತು ಮೊಳ ಎರಡು ಬೆರಳು. ಜವಾನ ಬರೆದುಕೊಂಡ. ಆಮೇಲೆ ಹಿತ್ತಿಲಿಗೆ ಬಂದು ನನ್ನ ಹೊಸ್ತಿಲು ಕಲ್ಲಿನ ಮೇಲೆ ಗಳ ಊರಿದರು. ಕಣ್ಣು ಕಿರಿದು ಮಾಡಿ ಸೂರಿಗೆ ತಾಗಿದ ಗೆರೆ ನೋಡಿದರು.

"ಎಂಟು ಮೊಳ ಇಪ್ಪತ್ತೆರಡು ಬೆರಳು" ಅಂದರು ಹುಚ್ಚೀರಪ್ಪ. "ನಾಲ್ಕು ಬೆರಳು ಕಮ್ಮಿ. ಗೇಣಿನ ಒಳಗೇ ಇದೆ. ಕ್ಷಮಿಸ್ಬೇಕಮ್ಮ, ರೂಲ್ಸು ರೂಲ್ಸೇ. ನಾಳೆ ಆಳು ಕಳಿಸ್ತೀನಿ, ಅರ್ಧಕ್ಕೆ ಇಳಿಸ್ತಾರೆ."

ಬೀದಿಯವರೆಲ್ಲ ಅಯ್ಯೋ ಪಾಪ ಅಂದರು. ಬಂದ ಕೆಲಸ ಮುಗಿಯಿತೆಂದು ಇಬ್ಬರು ಹೊರಟರು ಕೂಡ. ಹಲಗೆಗಳ ಮೇಲಿದ್ದ ಪುಸ್ತಕಗಳನ್ನೆಲ್ಲ ಎಲ್ಲಿಡಲಿ ಎನ್ನುವುದೊಂದೇ ಯೋಚನೆ ನನ್ನ ತಲೆಯಲ್ಲಿ ತಿರುಗುತ್ತಿತ್ತು. ಅಣ್ಣ ನನ್ನ ಕಡೆ ನೋಡಲಿಲ್ಲ. ಮಜ್ಜಿಗೆ ಲೋಟ ಎತ್ತಿ ಇನ್‌ಸ್ಪೆಕ್ಟರಿಗೆ ಕೊಟ್ಟ.

ಆಗ ಅತ್ತಿಗೆ ಬಾಯಿ ತೆರೆದರು. ಮುಖದಲ್ಲಿ ಹಸುವಿನಷ್ಟು ಸಾಧುತನ. "ಸಾಹೇಬ್ರೇ, ನಂಗೇನೂ ತಿಳಿಯಲ್ಲ, ಕೇಳ್ತೀನಿ ಅಷ್ಟೆ. ಪೂಜೆ ಆದ ಹೊಸ್ತಿಲ ಮೇಲೆ ಗಳ ಊರಬಹುದಾ? ಏನೂ ದೋಷ ಇಲ್ವಾ?"

ಹುಚ್ಚೀರಪ್ಪನವರ ಲೋಟ ಬಾಯಿಯ ಹತ್ತಿರವೇ ನಿಂತಿತು. "ಪೂಜೆ ಆಗಿದೆಯಾ?"

"ಆಗಿದೆ. ನಮ್ಮೆಜಮಾನ್ರೇ ಕೂತು ಮಾಡಿದ್ರು. ಅರಿಶಿನ, ಕುಂಕುಮ, ಕಾಯಿ, ಎಲ್ಲ. ಕರಿಬಸಪ್ಪನೋರು ಪ್ರಸಾದ ತಿಂದಿದಾರೆ, ಕೇಳಿ ಬೇಕಾದ್ರೆ."

"ತಿಂದಿದೀನಿ" ಅಂದರು ಗೋಡೆಯಾಚೆಯಿಂದ ಕರಿಬಸಪ್ಪ. "ಕಾಯಿ ಸ್ವಲ್ಪ ಬಲಿತಿತ್ತು."

ಇನ್‌ಸ್ಪೆಕ್ಟರು ಲೋಟ ಕೆಳಗಿಟ್ಟು ಪುಸ್ತಕ ತರಿಸಿದರು. ನಾನೇ ಕಟ್ಟಿದ ಪುಸ್ತಕ, ಹೊಸ ಬೆನ್ನು ಕಿರ್ ಅಂತ ತೆರೆದುಕೊಂಡಿತು. ಒಂಬತ್ತನೆಯ ನಿಯಮವನ್ನು ಅವರು ಎರಡು ಸಲ ಮನಸ್ಸಿನಲ್ಲಿ ಓದಿಕೊಂಡು ಮೂರನೆಯ ಸಲ ಗಟ್ಟಿಯಾಗಿ ಓದಿದರು. ಪೂಜೆಯಾಗದ ಕಲ್ಲು ಬರಿಯ ಕಲ್ಲು, ಅದರ ಮೇಲಿನಿಂದ ಅಳೆಯಬೇಕು. ಪೂಜೆಯಾದ ಕಲ್ಲು ಹೊಸ್ತಿಲು, ಹೊಸ್ತಿಲು ಕಟ್ಟಡದ ಅಂಗ, ಆದ್ದರಿಂದ ಅದರ ಬುಡದಿಂದ ಅಳೆಯಬೇಕು.

"ಅದು ಸುಮ್ಮನೆ ಶಾಸ್ತ್ರಕ್ಕೆ ಮಾಡಿದ್ದು ಸಾರ್!" ಅಂದ ಅಣ್ಣ. ಧ್ವನಿ ಕೀರಲಾಗಿತ್ತು.

"ಇನ್ಯಾತಕ್ಕೆ ಮಾಡ್ತಾರೆ ಸ್ವಾಮಿ? ಎಲ್ಲಾರೂ ಶಾಸ್ತ್ರಕ್ಕೇ ಮಾಡೋದು" ಅಂದರು ಹುಚ್ಚೀರಪ್ಪ. ಗಳವನ್ನು ಕಲ್ಲಿನಿಂದಿಳಿಸಿ ನೆಲಕ್ಕೆ ಊರಿದರು. "ಒಂಬತ್ತು ಮೊಳ ನಾಲ್ಕು ಬೆರಳು."

ಹೊರಟಿದ್ದ ಇಬ್ಬರೂ ಓಡಿ ವಾಪಸು ಬಂದರು. ನಾನು ಲೆಕ್ಕ ಹಾಕಲು ಹೋಗಿ ಎರಡು ಸಲ ತಪ್ಪಿದೆ. ಮನೆ ಒಂಬತ್ತು ಮೊಳ ಎರಡು ಬೆರಳು, ನನ್ನದು ಒಂಬತ್ತು ಮೊಳ ನಾಲ್ಕು. ಎರಡು ಬೆರಳು ಮೇಲೆ. ಜವಾನ ಆಗಲೇ ಅಣ್ಣನ ಬಾಗಿಲಿಂದ ನಂಬರಿನ ತಗಡು ಕೀಳಲು ಹೋಗಿದ್ದ. ನಾನು ಅತ್ತಿಗೆಯ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು, ಆದರೆ ಕೆನ್ನೆ ಅದುರುತ್ತಿತ್ತು.

"ಸರ್ವೀ, ನಿಂಗೆ ಇದು ಗೊತ್ತಿತ್ತಾ?" ಅಣ್ಣ ಕೇಳಿದ.

"ನಮ್ಮಪ್ಪನ ಮನೆ ಹೋಗಿದ್ದೂ ಹೀಗೇ ಅಲ್ವೇನ್ರೀ. ಹಿತ್ತಿಲ ಬಚ್ಚಲಿಗೆ ಕಲ್ಲು ಇಟ್ಟು ನಮ್ಮಜ್ಜಿ ದೀಪ ಹಚ್ಚಿಬಿಟ್ಟಿತ್ತು. ಮದುವೆ ಹೊಸದರಲ್ಲಿ ನಿಮಗೆ ಎಷ್ಟು ಸಲ ಹೇಳಿದೀನಿ. ನೀವು ಕೇಳಿಸ್ಕೊಂಡಿದ್ರೆ ತಾನೆ!"

ಅಣ್ಣ ಮನೆಯ ಜಗಲಿಯ ಮೇಲೆ ಕುಸಿದು ಕೂತ. ಮನೆಯೆಂದೆ, ತಪ್ಪು. ಹಿತ್ತಿಲ ಕಟ್ಟಡದ ಜಗಲಿಯ ಮೇಲೆ. ಅವನನ್ನು ನೋಡಿ ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಹಿಂದೆಯೇ ಪಾಪ ಅಂತಲೂ ಅನ್ನಿಸಿತು. ಅವನ ಪಂಚೆಯ ಇಸ್ತ್ರಿ ಇನ್ನೂ ಮುದುಡಿರಲಿಲ್ಲ.

ಇಷ್ಟಕ್ಕೆ ಮುಗಿಯಲಿಲ್ಲ. ಹುಚ್ಚೀರಪ್ಪ ಚೀಲದಿಂದ ಪುರಸಭೆಯ ಮುದ್ರೆಯೊತ್ತಿದ ಸುತ್ತಿಗೆ ತೆಗೆದು ನನ್ನ ಕೈಗಿತ್ತರು. ಒಂದು ನಿವೇಶನಕ್ಕೆ ಒಂದೇ ಒಲೆ. ಹೊಸ ಯಜಮಾನಿ ಹಳೆಯ ಒಲೆಯನ್ನು ಸೂರ್ಯ ಮುಳುಗುವುದರೊಳಗೆ ತನ್ನ ಕೈಯಾರೆ ಒಡೆಯಬೇಕು, ಆಮೇಲೆ ತನ್ನಲ್ಲಿ ಹೊಸದು ಹೂಡಬಹುದು. ಸುತ್ತಿಗೆ ಹಿಡಿದು ಅಡುಗೆಮನೆಗೆ ಹೋದೆ. ಬೀದಿಯವರು ಕಿಟಕಿಗೆ ಮುಖ ಒತ್ತಿ ನಿಂತರು. ಹನ್ನೊಂದು ವರ್ಷ ಅಂಟಿನ ಪಾತ್ರೆ ಹಿಡಿದು ಇದೇ ಬಾಗಿಲಲ್ಲಿ ನಿಂತು ಈ ಒಲೆಯನ್ನು ಎಷ್ಟು ಸಲ ಮನಸ್ಸಿನಲ್ಲೇ ಪುಡಿ ಮಾಡಿದ್ದೆನೋ. ಈಗ ನೋಡಿದರೆ ಅದರ ಮೈಗೆ ಅತ್ತಿಗೆ ಅಂದೇ ಬೆಳಿಗ್ಗೆ ಸಾರಿಸಿ ಇಟ್ಟ ರಂಗೋಲಿಯ ಎಳೆ ಇತ್ತು. ಇಪ್ಪತ್ತೆರಡು ವರ್ಷ ಅವರು ಇದರ ಮುಂದೆ ಕೂತಿದ್ದಾರೆ. ಕೈ ಏಳಲಿಲ್ಲ.

ನಾನು ತಿರುಗಿ ಇನ್‌ಸ್ಪೆಕ್ಟರಿಗೆ ಕೇಳುವ ಹಾಗೆ ಗಟ್ಟಿಯಾಗಿ ಅಂದೆ, "ನನಗೆ ಮಾಡಿದ್ದನ್ನ ನಾನು ಇನ್ನೊಬ್ಬರಿಗೆ ಮಾಡಲ್ಲ. ಇನ್ನೊಬ್ಬ ಹೆಂಗಸಿನ ಒಲೆ ಒಡೆದು ನಾನು ಕಾಫಿ ಕುಡಿಯಲ್ಲ. ಬೇಕಾದ್ರೆ ನನ್ನ ಮನೆ ಅರ್ಧ ಮಾಡ್ಕೊಳ್ಳಿ." ಬಹಳ ಚೆನ್ನಾಗಿ ಹೇಳಿದೆ ಅನ್ನಿಸಿತು. ಕಿಟಕಿಯಲ್ಲಿ ಯಾರೋ ಮೂಗೊರೆಸಿಕೊಂಡರು.

"ಏ, ಸಾಕು ಸುಮ್ನಿರು!" ಅಂದರು ಅತ್ತಿಗೆ. ಹಿಂದಿನಿಂದ ಬಂದು ನನ್ನ ಕೈಯ ಸುತ್ತಿಗೆ ಕಸಿದುಕೊಂಡರು. "ಇಪ್ಪತ್ತೆರಡು ವರ್ಷದ ಮೇಲೆ ಒಂದು ದಾರಿ ಸಿಕ್ಕಿದೆ, ಇವಳಿಗೆ ಈಗ ಧರ್ಮ ಬಂತು!"

ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ಎತ್ತಿ ಹೊಡೆದರು. ಮೊದಲ ಏಟಿಗೆ ಒಲೆಯ ಗುಂಡು ಹಾರಿ ಅಣ್ಣನ ಕಾಲ ಬಳಿ ಬಿತ್ತು. ಎರಡನೆಯದಕ್ಕೆ ಪಕ್ಕದ ಕೋಡೊಲೆ ಹೋಯಿತು. ಮೂರನೆಯದರ ಅಗತ್ಯವೇ ಇರಲಿಲ್ಲ, ಆದರೂ ಮೂರು, ನಾಲ್ಕು, ಐದು ಹೊಡೆದರು. ಹೊಸ ಯಜಮಾನಿಯೇ ಒಡೆಯಬೇಕೆಂದಿದೆಯಲ್ಲ ಎಂದು ಜವಾನ ಪುಸ್ತಕ ತಿರುವಲು ಹೋದ. ಹುಚ್ಚೀರಪ್ಪ ಅವನ ಕೈ ಹಿಡಿದು ತಡೆದರು. ಸುತ್ತಿಗೆ ಹಿಡಿದ ಅತ್ತಿಗೆಯನ್ನು ನೋಡಿದ ಮೇಲೆ ಅವರಿಗೆ ನಿಯಮಾವಳಿಯಲ್ಲಿ ಆಸಕ್ತಿ ಉಳಿದಿರಲಿಲ್ಲ.

ಮಧ್ಯಾಹ್ನಕ್ಕೆಲ್ಲ ಗಾರೆಯವರು ನನ್ನ ಕೋಣೆಯ ಮೂಲೆಯಲ್ಲಿ ಒಲೆ ಹೂಡಿಕೊಟ್ಟರು. ಇನ್ನೂ ಹಸಿಯಿತ್ತು. ಕಾಯುವ ತಾಳ್ಮೆ ನನಗಿರಲಿಲ್ಲ, ಹನ್ನೊಂದು ವರ್ಷ ಕಾದಿದ್ದು ಸಾಕಾಗಿತ್ತು. ಪುಳ್ಳೆ ಒಟ್ಟಿ ಹಚ್ಚಿದೆ. ಹೊಗೆ ಕಣ್ಣಿಗೆ ನುಗ್ಗಿ ನೀರು ಸುರಿಯಿತು, ಬರಿ ಹೊಗೆಗೇ ಅಂತ ಹೇಳಲಾರೆ. ಹಾಲು ಉಕ್ಕಿತು, ಡಿಕಾಕ್ಷನ್ ನೀರಾಯಿತು, ಸಕ್ಕರೆ ಹೆಚ್ಚಾಯಿತು. ನನ್ನ ಹೊಸ್ತಿಲ ಮೇಲೆ ಕೂತು ಕಾಲು ಚಾಚಿ ಆ ಕೆಟ್ಟ ಕಾಫಿಯನ್ನು ಬಿಸಿಬಿಸಿಯಾಗಿ ಕುಡಿದೆ. ಜೀವ ತಂಪಾಯಿತು. ನಾಳೆ ಬೆಳಿಗ್ಗೆ ಐದಕ್ಕೆ ಇನ್ನೊಂದು ಎಂದುಕೊಂಡೆ.

ಲೋಟ ಇನ್ನೂ ಅರ್ಧವಿತ್ತು, ಅಣ್ಣನ ಇಬ್ಬರು ಹುಡುಗಿಯರು ತಟ್ಟೆ ಹಿಡಿದು ಬಂದು ನಿಂತರು. ದೊಡ್ಡವಳು ತನಗೆ ಬೇಳೆ ಆಗದೆಂದು ನೆನಪಿಸಿದಳು. ಚಿಕ್ಕವಳು ಬೇಳೆ ಇಲ್ಲದಿದ್ದರೆ ಊಟವೇ ಬೇಡವೆಂದಳು. ಅವರ ಹಿಂದೆ ಅಣ್ಣ. ಅವನು ನನ್ನ ಮುಖ ನೋಡಲಿಲ್ಲ, ಒಲೆಯ ಕಡೆ ನೋಡಿದ. "ರೊಟ್ಟಿ ಬಿಸಿ ಇರುತ್ತಾ?" ಎಂದು ಕೇಳಿದ. ಯಜಮಾನರು ಹಿತ್ತಿಲವರಿಗೆ ಹೊತ್ತು ಹೊತ್ತಿಗೆ ಊಟ ಕೊಡತಕ್ಕದ್ದು ಎನ್ನುವ ನಿಯಮ ನನಗೆ ಬಾಯಿಪಾಠವಾಗಿತ್ತು. ಅದನ್ನು ನಾನು ಹನ್ನೊಂದು ವರ್ಷವೂ ಉಣ್ಣುವವಳ ಕಡೆಯಿಂದಲೇ ಓದಿದ್ದೆ.

ಒಳಗೆ ಹೋಗಿ ಪಾತ್ರೆ ಇಟ್ಟು ಬೇಳೆಯ ಡಬ್ಬ ತೆರೆದೆ. ಐದು ಜನಕ್ಕೆ ಎಷ್ಟು ಹಾಕಬೇಕೆಂದು ತಿಳಿಯಲಿಲ್ಲ. ಅತ್ತಿಗೆ ಎದುರಿಗೆ ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದರು. ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುತ್ತ, ಎಲೆ ಅಡಿಕೆ ಮೆಲ್ಲುತ್ತ, ಕಾಲ ಮೇಲೆ ಕಾಲು ಹಾಕಿದ್ದರು. ಅವರು ಹಾಗೆ ಕೂತಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಅತ್ತಿಗೇ, ಐದು ಜನಕ್ಕೆ ಬೇಳೆ ಎಷ್ಟು ಹಾಕ್ಬೇಕು?" ಎಂದು ಕೂಗಿ ಕೇಳಿದೆ.

"ನಾನು ಹಿತ್ತಿಲವಳು ಕಣಮ್ಮ" ಅಂದರು ಅತ್ತಿಗೆ. "ಒಲೆ ವಿಚಾರ ನಂಗೇನು ಗೊತ್ತು? ಬೇಗ ಮಾಡು, ಹಸಿವಾಗ್ತಿದೆ."